ಕಳ್ಳಮದ್ಯ ಮಾರಿದ ಪೊಲೀಸ್ ಅಧಿಕಾರಿ, ಫೋನ್ ಕದ್ದಾಲಿಕೆ ಮತ್ತು ಖಾಸಗಿತನದ ಹಕ್ಕು: ರಾಯ್ ಓಮ್‌ಸ್ಟೆಡ್ ಯಾರು?

ಫೋನ್ ಕದ್ದಾಲಿಕೆ ಎಷ್ಟು ಸರಿ, ಎಷ್ಟು ತಪ್ಪು? ಈ ಪ್ರಶ್ನೆ ಕೋರ್ಟ್ ಮೆಟ್ಟಿಲೇರಿದಾಗಲೆಲ್ಲ ವಕೀಲರು ನೆನೆಯುವ ಹೆಸರೊಂದಿದೆ. ಅದು ಯಾವುದೋ ಹೋರಾಟಗಾರನದ್ದಲ್ಲ, ಅಮೆರಿಕದ ಒಬ್ಬ ಕಳ್ಳಮದ್ಯ ವ್ಯಾಪಾರಿಯದ್ದು.

ರಾಯ್ ಓಮ್‌ಸ್ಟೆಡ್ ಹುಟ್ಟಿದ್ದು 1886ರಲ್ಲಿ, ನೆಬ್ರಾಸ್ಕ ರಾಜ್ಯದಲ್ಲಿ. ಸಿಯಾಟಲ್ ನಗರದ ಪೊಲೀಸ್ ಇಲಾಖೆ ಸೇರಿ ಚಿಕ್ಕ ವಯಸ್ಸಿಗೇ ಲೆಫ್ಟಿನೆಂಟ್ ಹುದ್ದೆಗೇರಿದ. ಆ ವೇಳೆಗೆ ವಾಷಿಂಗ್ಟನ್ ರಾಜ್ಯದಲ್ಲಿ ಮದ್ಯ ನಿಷೇಧ ಜಾರಿಯಲ್ಲಿತ್ತು. 1920ರಲ್ಲಿ ಅದು ಇಡೀ ದೇಶಕ್ಕೆ ವಿಸ್ತರಿಸಿತು. ಕಳ್ಳಮದ್ಯದವರನ್ನು ಹಿಡಿಯುತ್ತಲೇ ಆ ವ್ಯಾಪಾರದ ಒಳಹೊರಗನ್ನು ಓಮ್‌ಸ್ಟೆಡ್ ಕಲಿತ. ಅದೇ ವರ್ಷದ ಮಾರ್ಚ್‌ನಲ್ಲಿ ಕೆನಡಾದಿಂದ ಬಂದ ಮದ್ಯವನ್ನು ದೋಣಿಯಿಂದ ಇಳಿಸುವಾಗ ಸಿಕ್ಕಿಬಿದ್ದ. 500 ಡಾಲರ್ ದಂಡ ಬಿತ್ತು, ಕೆಲಸವೂ ಹೋಯಿತು.

ದಿನಕ್ಕೆ 200 ಪೆಟ್ಟಿಗೆ

ನೌಕರಿ ಹೋದ ಮೇಲೆ ಅಡ್ಡಕಸುಬೇ ಪೂರ್ಣಾವಧಿ ಉದ್ಯಮವಾಯಿತು. ಹಡಗು, ದೋಣಿಗಳು, ನಗರದ ಹೊರಗೊಂದು ನೆಲಮಾಳಿಗೆ ಗೋದಾಮು, ಕನಿಷ್ಠ 50 ಮಂದಿ ಕೆಲಸಗಾರರು. ಗ್ರಾಹಕರು ಫೋನ್ ಮಾಡಿದರೆ ಸಾಕು, ಸರಕು ಮನೆಗೆ ತಲುಪುತ್ತಿತ್ತು. ಕೆಲವೊಮ್ಮೆ ದಿನಕ್ಕೆ 200 ಪೆಟ್ಟಿಗೆ ಮಾರಾಟವಾಗುತ್ತಿತ್ತು. ವಾರ್ಷಿಕ ವಹಿವಾಟು 20 ಲಕ್ಷ ಡಾಲರ್ ಮೀರಿತ್ತು ಎಂದು ಮುಂದೆ ನ್ಯಾಯಾಲಯ ಲೆಕ್ಕ ಹಾಕಿತು.

ಕೈಗಾರಿಕಾ ಆಲ್ಕೋಹಾಲ್ ಬೆರೆಸಿದ ಮದ್ಯ ಕುಡಿದು ಜನ ಸಾಯುತ್ತಿದ್ದ ಕಾಲವದು. ಓಮ್‌ಸ್ಟೆಡ್ ಕಲಬೆರಕೆ ಮಾಡಲಿಲ್ಲ. ತನ್ನವರು ಬಂದೂಕು ಹಿಡಿಯುವುದನ್ನೂ ಒಪ್ಪಲಿಲ್ಲ. ಹಾಗೆಂದು ಆತ ಸಾಧುವೇನಲ್ಲ. ಪೊಲೀಸರಿಗೆ ಲಂಚ ಕೊಟ್ಟೇ ದಂಧೆ ನಡೆಸುತ್ತಿದ್ದ.

775 ಪುಟಗಳ ಸಾಕ್ಷ್ಯ

ವ್ಯಾಪಾರ ಬೆಳೆಸಿದ ಫೋನೇ ಕೊನೆಗೆ ಮುಳುವಾಯಿತು. ಕೇಂದ್ರ ಸರ್ಕಾರದ ನಾಲ್ವರು ಅಧಿಕಾರಿಗಳು ಮನೆಯ ಹೊರಗಿನ ಬೀದಿಯಲ್ಲಿ ಮತ್ತು ಕಚೇರಿ ಕಟ್ಟಡದ ನೆಲಮಾಳಿಗೆಯಲ್ಲಿ ಫೋನ್ ತಂತಿಗೆ ತಂತಿ ಜೋಡಿಸಿ ತಿಂಗಳುಗಟ್ಟಲೆ ಮಾತು ಕೇಳಿಸಿಕೊಂಡರು. ಟಿಪ್ಪಣಿಗಳು 775 ಪುಟಗಳಾದವು. ಅವರ ಬಳಿ ವಾರಂಟ್ ಇರಲಿಲ್ಲ. ಮೇಲಾಗಿ, ಆ ರಾಜ್ಯದ ಕಾನೂನಿನಲ್ಲಿ ಫೋನ್ ಕದ್ದಾಲಿಕೆಯೇ ಅಪರಾಧವಾಗಿತ್ತು!

1924ರ ನವೆಂಬರ್‌ನಲ್ಲಿ ಓಮ್‌ಸ್ಟೆಡ್ ಮನೆ ಮೇಲೆ ದಾಳಿ ನಡೆಯಿತು. 1926ರಲ್ಲಿ 4 ವರ್ಷ ಜೈಲು, 8,000 ಡಾಲರ್ ದಂಡದ ಶಿಕ್ಷೆಯಾಯಿತು. ಮೇಲ್ಮನವಿ ಸುಪ್ರೀಂ ಕೋರ್ಟ್ ತಲುಪಿತು. 1928ರ ಜೂನ್ 4ರಂದು 5-4 ಬಹುಮತದ ತೀರ್ಪು ಓಮ್‌ಸ್ಟೆಡ್ ವಿರುದ್ಧ ಬಂತು. ಅಧಿಕಾರಿಗಳು ಮನೆಯೊಳಗೆ ಕಾಲಿಟ್ಟಿಲ್ಲ, ಯಾವ ವಸ್ತುವನ್ನೂ ಒಯ್ದಿಲ್ಲ, ಹಾಗಾಗಿ ಇದು ಶೋಧವೇ ಅಲ್ಲ ಎಂಬುದು ಮುಖ್ಯ ನ್ಯಾಯಮೂರ್ತಿ ವಿಲಿಯಂ ಟಾಫ್ಟ್ ವಾದ. ನ್ಯಾಯಮೂರ್ತಿ ಲೂಯಿಸ್ ಬ್ರಾಂಡೈಸ್ ಇದನ್ನು ಒಪ್ಪಲಿಲ್ಲ. ಅಪರಾಧಿಯನ್ನು ಹಿಡಿಯಲು ಸರ್ಕಾರವೇ ಕಾನೂನು ಮುರಿದರೆ ಜನರಿಗೆ ಕಾನೂನಿನ ಮೇಲಿನ ಗೌರವ ಹೊರಟುಹೋಗುತ್ತದೆ ಎಂದು ಭಿನ್ನಮತದ ತೀರ್ಪು ಬರೆದರು.

ಸಾವಿನ ಮರುವರ್ಷ ಸಿಕ್ಕ ಗೆಲುವು

ಓಮ್‌ಸ್ಟೆಡ್ ಶಿಕ್ಷೆ ಮುಗಿಸಿ 1931ರಲ್ಲಿ ಹೊರಬಂದ. 1933ರಲ್ಲಿ ಮದ್ಯ ನಿಷೇಧವೇ ರದ್ದಾಯಿತು. 1935ರ ಕ್ರಿಸ್‌ಮಸ್ ದಿನ ಅಧ್ಯಕ್ಷ ರೂಸ್‌ವೆಲ್ಟ್ ಪೂರ್ಣ ಕ್ಷಮಾದಾನ ನೀಡಿದರು. ಅಷ್ಟರಲ್ಲಿ ಆತ ಬದಲಾಗಿದ್ದ. ಕ್ರಿಶ್ಚಿಯನ್ ಸೈನ್ಸ್ ಪಂಥ ಸೇರಿ, ಮದ್ಯವನ್ನೇ ವಿರೋಧಿಸುತ್ತ, ಜೈಲುಗಳಿಗೆ ಹೋಗಿ ಕೈದಿಗಳಿಗೆ ಬೈಬಲ್ ಬೋಧಿಸುತ್ತಿದ್ದ. 1966ರಲ್ಲಿ, 79ನೇ ವಯಸ್ಸಿನಲ್ಲಿ ನಿಧನನಾದ.

ಮರುವರ್ಷವೇ, 1967ರ ಡಿಸೆಂಬರ್‌ನಲ್ಲಿ, ಕಾಟ್ಜ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹಳೆಯ ನಿಲುವು ಕೈಬಿಟ್ಟಿತು. ಸಂವಿಧಾನ ರಕ್ಷಿಸುವುದು ಗೋಡೆಗಳನ್ನಲ್ಲ, ಮನುಷ್ಯರನ್ನು ಎಂಬ ತತ್ವ ಗೆದ್ದಿತು.

ಈ ಎಳೆ ಭಾರತಕ್ಕೂ ಬಂದಿದೆ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಿಂದ ಹುಟ್ಟಿದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಸಾರಿತು. ಆ ತೀರ್ಪಿನಲ್ಲಿ ಓಮ್‌ಸ್ಟೆಡ್ ಪ್ರಕರಣದ ಚರ್ಚೆಯೂ ಇದೆ. ಸಿಯಾಟಲ್‌ನಲ್ಲಿ ಮದ್ಯ ಮಾರಿ ಜೈಲು ಸೇರಿದವನು ಸೋತ ಮೊಕದ್ದಮೆ, ಇಂದು ಫೋನ್ ಹಿಡಿದ ಪ್ರತಿಯೊಬ್ಬರ ಹಕ್ಕಿನ ಚರಿತ್ರೆಯ ಭಾಗ.