ಫೇ-ಕೂಪರ್ ಕೋಲ್

ಫೇ-ಕೂಪರ್ ಕೋಲ್ (೮ ಆಗಸ್ಟ್ ೧೮೮೧ – ೩ ಸೆಪ್ಟೆಂಬರ್ ೧೯೬೧) ಅಮೆರಿಕದ ಮಾನವಶಾಸ್ತ್ರಜ್ಞರು ಹಾಗೂ ಪುರಾತತ್ತ್ವಜ್ಞರು. ಷಿಕಾಗೋ ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದವರು. ಶಾಲೆಗಳಲ್ಲಿ ಜೀವವಿಕಾಸದ ಬೋಧನೆಯನ್ನು ಕುರಿತು ೧೯೨೫ರಲ್ಲಿ ನಡೆದ ಸ್ಕೋಪ್ಸ್ ಮೊಕದ್ದಮೆಯಲ್ಲಿ ಪ್ರತಿವಾದಿಯ ಪರ ತಜ್ಞ ಸಾಕ್ಷಿಯಾಗಿದ್ದರು.

ಜನನ ಮತ್ತು ಶಿಕ್ಷಣ

ಕೋಲ್ ಅವರು ಮಿಷಿಗನ್ ರಾಜ್ಯದ ಪ್ಲೇನ್‌ವೆಲ್‌ನಲ್ಲಿ ಜನಿಸಿದರು. ೧೯೦೩ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಷಿಕಾಗೋದ ಫೀಲ್ಡ್ ವಸ್ತುಸಂಗ್ರಹಾಲಯದ ಪರವಾಗಿ ಫಿಲಿಪೈನ್ಸ್‌ಗೆ ತೆರಳಿ, ಪತ್ನಿ ಮೇಬಲ್ ಕುಕ್ ಕೋಲ್ ಅವರೊಂದಿಗೆ ಲೂಜಾನ್ ದ್ವೀಪದ ಟಿಂಗ್ವಿಯನ್ ಜನರ ಜೀವನವನ್ನು ಅಧ್ಯಯನ ಮಾಡಿದರು. ೧೯೧೪ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರೇಟ್ ನೀಡಿತು. ಅಲ್ಲಿ ಅವರು ಫ್ರಾನ್ಜ್ ಬೋಆಸ್ ಅವರ ಶಿಷ್ಯರಾಗಿದ್ದರು.

ವೃತ್ತಿಜೀವನ

೧೯೨೪ರಲ್ಲಿ ಷಿಕಾಗೋ ವಿಶ್ವವಿದ್ಯಾಲಯವನ್ನು ಸೇರಿದರು. ಅವರ ಪ್ರಯತ್ನದಿಂದ ೧೯೨೯ರಲ್ಲಿ ಅಲ್ಲಿ ಮಾನವಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ಆರಂಭವಾಯಿತು. ಎಡ್ವರ್ಡ್ ಸಪೀರ್, ರಾಬರ್ಟ್ ರೆಡ್‌ಫೀಲ್ಡ್ ಮೊದಲಾದವರು ಅಲ್ಲಿ ಅವರ ಸಹೋದ್ಯೋಗಿಗಳಾಗಿದ್ದರು. ಇಲಿನಾಯ್ ರಾಜ್ಯದ ಕಿನ್‌ಕೇಡ್ ದಿಬ್ಬಗಳ ಉತ್ಖನನವನ್ನು ಅವರು ನಿರ್ದೇಶಿಸಿದರು.

ಸ್ಕೋಪ್ಸ್ ಮೊಕದ್ದಮೆ

ಮಾನವನು ಕೆಳವರ್ಗದ ಪ್ರಾಣಿಗಳಿಂದ ವಿಕಾಸಗೊಂಡನೆಂದು ಸರ್ಕಾರಿ ಶಾಲೆಗಳಲ್ಲಿ ಬೋಧಿಸುವುದನ್ನು ಟೆನೆಸಿ ರಾಜ್ಯದ ಬಟ್ಲರ್ ಕಾಯಿದೆಯು ೧೯೨೫ರ ಮಾರ್ಚ್‌ನಲ್ಲಿ ನಿಷೇಧಿಸಿತು. ಈ ಕಾಯಿದೆಯನ್ನು ಉಲ್ಲಂಘಿಸಿದ ಆರೋಪದ ಮೇಲೆ ಜಾನ್ ಸ್ಕೋಪ್ಸ್ ಎಂಬ ಶಿಕ್ಷಕರ ವಿಚಾರಣೆಯು ಜುಲೈ ತಿಂಗಳಲ್ಲಿ ಡೇಟನ್ ಪಟ್ಟಣದಲ್ಲಿ ನಡೆಯಿತು. ವಕೀಲ ಕ್ಲಾರೆನ್ಸ್ ಡ್ಯಾರೋ ಅವರ ತಂಡವು ಕರೆಸಿದ ವಿಜ್ಞಾನಿಗಳಲ್ಲಿ ಕೋಲ್ ಒಬ್ಬರು.

ಸ್ಕೋಪ್ಸ್ ಆ ವಿಷಯವನ್ನು ಬೋಧಿಸಿದರೇ ಎಂಬುದಷ್ಟೇ ನಿರ್ಧರಿಸಬೇಕಾದ ಪ್ರಶ್ನೆಯಾದ್ದರಿಂದ, ತಜ್ಞರ ಸಾಕ್ಷ್ಯ ಅಪ್ರಸ್ತುತವೆಂದು ನ್ಯಾಯಾಧೀಶ ಜಾನ್ ರಾಲ್‌ಸ್ಟನ್ ತೀರ್ಮಾನಿಸಿದರು. ಹೀಗಾಗಿ ಕೋಲ್ ಅವರ ವಾದವನ್ನು ಜ್ಯೂರಿ ಕೇಳಲೇ ಇಲ್ಲ; ಅದು ಲಿಖಿತ ಹೇಳಿಕೆಯಾಗಿ ಮಾತ್ರ ದಾಖಲೆಗೆ ಸೇರಿತು. ಮಾನವ ಹಾಗೂ ವಾನರಗಳ ಅಸ್ಥಿರಚನೆಯ ಸಾಮ್ಯ, ಅವಶೇಷಾಂಗಗಳು, ಜಾವಾ ಮತ್ತು ನಿಯಾಂಡರ್ತಾಲ್ ಪಳೆಯುಳಿಕೆಗಳನ್ನು ಅದರಲ್ಲಿ ವಿವರಿಸಿದ್ದರು. ಮಾನವನು ಇಂದಿನ ವಾನರಗಳಿಂದ ಹುಟ್ಟಿದವನಲ್ಲ, ಇಬ್ಬರಿಗೂ ಪೂರ್ವಜರು ಸಮಾನರು ಎಂಬುದು ಅವರ ನಿಲುವಾಗಿತ್ತು. ಅವರು ಉಲ್ಲೇಖಿಸಿದ್ದ ಇಂಗ್ಲೆಂಡಿನ ಪಿಲ್ಟ್‌ಡೌನ್ ಅವಶೇಷವು ನಕಲಿಯೆಂದು ೧೯೫೩ರಲ್ಲಿ ಸಾಬೀತಾಯಿತು. ಉಳಿದ ಪಳೆಯುಳಿಕೆಗಳ ಪುರಾವೆಗೆ ಇದರಿಂದ ಧಕ್ಕೆಯಾಗಲಿಲ್ಲ.

ಸ್ಕೋಪ್ಸ್ ಅವರಿಗೆ ೧೦೦ ಡಾಲರ್ ದಂಡ ವಿಧಿಸಲಾಯಿತು. ದಂಡವನ್ನು ಜ್ಯೂರಿಯ ಬದಲು ನ್ಯಾಯಾಧೀಶರು ನಿಗದಿಪಡಿಸಿದ್ದರೆಂಬ ತಾಂತ್ರಿಕ ಕಾರಣದಿಂದ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ೧೯೨೭ರಲ್ಲಿ ಆ ತೀರ್ಪನ್ನು ರದ್ದುಗೊಳಿಸಿತು. ಆದರೆ ಕಾಯಿದೆಯು ಊರ್ಜಿತವಾಗಿಯೇ ಉಳಿಯಿತು.

ನಂತರದ ಜೀವನ

ಕೋಲ್ ಅವರು ೧೯೩೦ರ ದಶಕದಲ್ಲಿ ಅಮೆರಿಕನ್ ಮಾನವಶಾಸ್ತ್ರ ಸಂಘದ ಅಧ್ಯಕ್ಷರಾಗಿದ್ದರು. ಮಾನವನ ಇತಿಹಾಸವನ್ನು ಸಾಮಾನ್ಯ ಓದುಗರಿಗೆ ತಿಳಿಸುವ ಪುಸ್ತಕಗಳನ್ನೂ ಬರೆದರು. ೧೯೫೯ರಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಡೇಟನ್ ಮೊಕದ್ದಮೆಯ ತಮ್ಮ ಅನುಭವವನ್ನು ದಾಖಲಿಸಿದರು. ೧೯೬೧ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ನಿಧನರಾದರು. ಬಟ್ಲರ್ ಕಾಯಿದೆಯನ್ನು ಟೆನೆಸಿ ಶಾಸಕಾಂಗವು ರದ್ದುಪಡಿಸಿದ್ದು ಅದಾದ ಆರು ವರ್ಷಗಳ ಬಳಿಕ, ೧೯೬೭ರಲ್ಲಿ. ಮರುವರ್ಷ ಅರ್ಕನ್ಸಾ ರಾಜ್ಯದ ಇಂಥದೇ ಕಾಯಿದೆಯನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅಸಾಂವಿಧಾನಿಕವೆಂದು ಘೋಷಿಸಿತು.