ಕುಡಿತದಿಂದ ಹೊರಬಂದು ಲಕ್ಷಾಂತರ ಜನರ ಕೈಹಿಡಿದ ಬಿಲ್ ವಿಲ್ಸನ್

ಕುಡಿತ ಬಿಡಲಾಗದವರನ್ನು ಮನೆಯವರು ಬೈಯುತ್ತಾರೆ, ಊರವರು ಆಡಿಕೊಳ್ಳುತ್ತಾರೆ. ಸುಮಾರು 90 ವರ್ಷಗಳ ಹಿಂದೆ ಅಮೆರಿಕದ ಅನೇಕ ಆಸ್ಪತ್ರೆಗಳೂ ಅಂಥವರನ್ನು ಸೇರಿಸಿಕೊಳ್ಳಲು ಹಿಂದೇಟು ಹಾಕುತ್ತಿದ್ದವು. ಈ ಸ್ಥಿತಿ ಬದಲಾಗಲು ಕಾರಣರಾದವರಲ್ಲಿ ಪ್ರಮುಖರು ಬಿಲ್ ವಿಲ್ಸನ್. ಅವರು ವೈದ್ಯರಲ್ಲ. ಕುಡಿತದಿಂದ ಎಲ್ಲವನ್ನೂ ಕಳೆದುಕೊಂಡಿದ್ದ ಷೇರುಪೇಟೆ ವ್ಯವಹಾರಸ್ಥ.

ವಿಲ್ಸನ್ 1895ರ ನವೆಂಬರ್ 26ರಂದು ಅಮೆರಿಕದ ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್‌ನಲ್ಲಿ ಜನಿಸಿದರು. ಬಾಲ್ಯದಲ್ಲೇ ತಂದೆ-ತಾಯಿ ಬೇರೆಯಾದರು. ಅಜ್ಜ-ಅಜ್ಜಿಯ ಮನೆಯಲ್ಲಿ ಬೆಳೆದ ಹುಡುಗನಿಗೆ ಸಂಕೋಚ ಹೆಚ್ಚು. ಮೊದಲ ಮಹಾಯುದ್ಧದ ಹೊತ್ತಿಗೆ ಸೇನೆ ಸೇರಿದಾಗ ಔತಣಕೂಟವೊಂದರಲ್ಲಿ ಕುಡಿದ ಮದ್ಯ ಆ ಸಂಕೋಚವನ್ನು ಮರೆಸಿತು. ಅಲ್ಲಿಂದ ಬಾಟಲಿ ಅವರನ್ನು ಬಿಡಲಿಲ್ಲ. 1918ರ ಜನವರಿ 24ರಂದು ಲೋಯಿಸ್ ಬರ್ನ್‌ಹ್ಯಾಮ್ ಅವರನ್ನು ಮದುವೆಯಾದರು.

ವಾಲ್‌ಸ್ಟ್ರೀಟ್‌ನಲ್ಲಿ ವಿಲ್ಸನ್ ಚೆನ್ನಾಗಿಯೇ ಸಂಪಾದಿಸಿದರು. ಆದರೆ 1929ರಲ್ಲಿ ಷೇರುಪೇಟೆ ಕುಸಿಯಿತು, ಕುಡಿತ ಮಿತಿಮೀರಿತು. ಕೆಲಸ ಹೋಯಿತು, ಸಾಲ ಬೆಳೆಯಿತು. ಅಂಗಡಿಯೊಂದರಲ್ಲಿ ಕೆಲಸ ಮಾಡಿ ಸಂಸಾರ ಸಾಗಿಸಿದವರು ಪತ್ನಿ ಲೋಯಿಸ್.

ಆಸ್ಪತ್ರೆಯಲ್ಲಿ ಸಿಕ್ಕ ತಿರುವು

1933 ಮತ್ತು 1934ರಲ್ಲಿ ವಿಲ್ಸನ್ ನ್ಯೂಯಾರ್ಕ್‌ನ ಟೌನ್ಸ್ ಆಸ್ಪತ್ರೆಗೆ ಮತ್ತೆ ಮತ್ತೆ ದಾಖಲಾದರು. ಅಲ್ಲಿನ ವೈದ್ಯ ಡಾ. ವಿಲಿಯಂ ಸಿಲ್ಕ್‌ವರ್ತ್ ಅವರ ಅಭಿಪ್ರಾಯ ಆ ಕಾಲಕ್ಕೆ ಹೊಸದು. ಮಿತಿಮೀರಿದ ಕುಡಿತ ನಡತೆಗೇಡಿತನವಲ್ಲ, ದೇಹ ಮತ್ತು ಮನಸ್ಸು ಎರಡನ್ನೂ ಹಿಡಿದ ಕಾಯಿಲೆ ಎಂದು ಅವರು ನಂಬಿದ್ದರು. ಮದ್ಯ ದೇಹಕ್ಕೆ ಒಂದು ಬಗೆಯ ಅಲರ್ಜಿ ಎಂಬ ಅವರ ವಿವರಣೆಯನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಆದರೆ ರೋಗಿಯನ್ನು ರೋಗಿಯಾಗಿ ನೋಡಬೇಕೆಂಬ ಅವರ ನಿಲುವು ಉಳಿಯಿತು.

1934ರ ಡಿಸೆಂಬರ್‌ನಲ್ಲಿ ಕೊನೆಯ ಬಾರಿ ದಾಖಲಾದ ಮೇಲೆ ವಿಲ್ಸನ್ ಮತ್ತೆ ಕುಡಿಯಲಿಲ್ಲ. ಆಸ್ಪತ್ರೆಯಲ್ಲಿ ತಮಗಾದ ತೀವ್ರ ಆಧ್ಯಾತ್ಮಿಕ ಅನುಭವವೇ ಇದಕ್ಕೆ ಕಾರಣ ಎಂದು ಅವರು ನಂಬಿದ್ದರು. ಬಳಿಕ ತಿಂಗಳುಗಟ್ಟಲೆ ಇತರ ಕುಡುಕರಿಗೆ ಬುದ್ಧಿ ಹೇಳುತ್ತಾ ತಿರುಗಿದರು. ಒಬ್ಬರೂ ಬಿಡಲಿಲ್ಲ. ಉಪದೇಶ ನಿಲ್ಲಿಸಿ, ಮೊದಲು ಕಾಯಿಲೆಯ ಸ್ವರೂಪ ತಿಳಿಸಿ ಎಂದು ಸಲಹೆ ಕೊಟ್ಟವರು ಸಿಲ್ಕ್‌ವರ್ತ್.

ಆಕ್ರಾನ್‌ನ ಭೇಟಿ

1935ರ ಮೇ ತಿಂಗಳಲ್ಲಿ ವಿಲ್ಸನ್ ವ್ಯವಹಾರಕ್ಕೆಂದು ಓಹಿಯೊದ ಆಕ್ರಾನ್‌ಗೆ ಹೋದರು. ಕೆಲಸ ಕೈಗೂಡಲಿಲ್ಲ. ಹೋಟೆಲಿನ ಬಾರ್ ಪಕ್ಕದಲ್ಲೇ ಇತ್ತು, ಮನಸ್ಸು ಆ ಕಡೆಗೇ ಎಳೆಯುತ್ತಿತ್ತು. ಇನ್ನೊಬ್ಬ ಕುಡುಕನ ಜತೆ ಮಾತಾಡಿದರೆ ಮಾತ್ರ ತಾನು ಉಳಿಯುತ್ತೇನೆ ಎನಿಸಿ ಚರ್ಚ್‌ಗೆ ಫೋನ್ ಮಾಡಿದರು. ಹೀಗೆ ಸಿಕ್ಕವರು ಕುಡಿತದಿಂದ ವೃತ್ತಿಯನ್ನೇ ಕಳೆದುಕೊಳ್ಳುವ ಸ್ಥಿತಿಯಲ್ಲಿದ್ದ ಶಸ್ತ್ರಚಿಕಿತ್ಸಕ ಡಾ. ಬಾಬ್ ಸ್ಮಿತ್. ಹದಿನೈದೇ ನಿಮಿಷ ಎಂದು ಕುಳಿತ ಸ್ಮಿತ್ ಗಂಟೆಗಟ್ಟಲೆ ಮಾತಾಡಿದರು.

ಸ್ಮಿತ್ ಕುಡಿತ ಬಿಟ್ಟ 1935ರ ಜೂನ್ 10 ‘ಆಲ್ಕೊಹಾಲಿಕ್ಸ್ ಅನಾನಿಮಸ್’ (ಎಎ) ಸಂಸ್ಥೆಯ ಸ್ಥಾಪನಾ ದಿನವಾಯಿತು. ಇಬ್ಬರೂ ಆಸ್ಪತ್ರೆಗೆ ಹೋಗಿ ಅಲ್ಲಿ ದಾಖಲಾಗಿದ್ದ ವಕೀಲರೊಬ್ಬರನ್ನು ಕಂಡರು. ಅವರೇ ಮೂರನೇ ಸದಸ್ಯ.

1939ರಲ್ಲಿ ಆಕ್ರಾನ್‌ನ ಸೇಂಟ್ ಥಾಮಸ್ ಆಸ್ಪತ್ರೆಯ ಕ್ರೈಸ್ತ ಸನ್ಯಾಸಿನಿ ಸಿಸ್ಟರ್ ಇಗ್ನೇಷಿಯಾ ಅವರು ಸ್ಮಿತ್ ಜತೆ ಸೇರಿ ಮದ್ಯವ್ಯಸನಿಗಳನ್ನು ದಾಖಲಿಸಿಕೊಳ್ಳತೊಡಗಿದರು. ಅದೇ ವರ್ಷ ವಿಲ್ಸನ್ ಬರೆದ 12 ಹೆಜ್ಜೆಗಳ ಪುಸ್ತಕ ಹೊರಬಂತು. 1941ರಲ್ಲಿ ಪ್ರಸಿದ್ಧ ವಾರಪತ್ರಿಕೆಯೊಂದರ ಲೇಖನದಿಂದ ಎಎ ಹೆಸರು ದೇಶವಿಡೀ ಹರಡಿತು. 1951ರಲ್ಲಿ ಲೋಯಿಸ್ ಅವರು ಕುಡುಕರ ಕುಟುಂಬದವರಿಗಾಗಿ ‘ಅಲ್-ಅನಾನ್’ ಕಟ್ಟಲು ನೆರವಾದರು. 1956ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘವು ಮದ್ಯವ್ಯಸನಿಗಳನ್ನು ರೋಗಿಗಳಂತೆ ಆಸ್ಪತ್ರೆಗಳು ಸೇರಿಸಿಕೊಳ್ಳಬೇಕು ಎಂದಿತು.

ಅವರೂ ಮನುಷ್ಯರೇ

ವಿಲ್ಸನ್ ಸಂತನೇನೂ ಆಗಿರಲಿಲ್ಲ. ವರ್ಷಗಟ್ಟಲೆ ಖಿನ್ನತೆಯಿಂದ ನರಳಿದರು. ಮದ್ಯ ಬಿಟ್ಟರೂ ಸಿಗರೇಟು ಬಿಡಲು ಬಹುಕಾಲ ಆಗಲಿಲ್ಲ, ಶ್ವಾಸಕೋಶ ಹಾಳಾಯಿತು. 1969ರಲ್ಲಿ ಅವರು ಅಮೆರಿಕ ಸೆನೆಟ್‌ನ ಉಪಸಮಿತಿಯ ಮುಂದೆ ಸಾಕ್ಷ್ಯ ನುಡಿದರು. 1970ರ ಕೊನೆಯ ದಿನ ಮದ್ಯವ್ಯಸನದ ಚಿಕಿತ್ಸೆ ಮತ್ತು ಸಂಶೋಧನೆಗೆ ಸರ್ಕಾರದ ನೆರವು ನೀಡುವ ಕಾನೂನು ಜಾರಿಗೆ ಬಂತು. ಒಂದು ತಿಂಗಳೂ ಆಗಿರಲಿಲ್ಲ, 1971ರ ಜನವರಿ 24ರಂದು, ತಮ್ಮ 53ನೇ ವಿವಾಹ ವಾರ್ಷಿಕೋತ್ಸವದಂದೇ, ವಿಲ್ಸನ್ ಕೊನೆಯುಸಿರೆಳೆದರು. ಸಾಯುವ ಮುನ್ನ ಹಾಸಿಗೆಯಲ್ಲಿ ಅವರು ವಿಸ್ಕಿ ಕೇಳಿದ್ದರು, ಕೊಡಲಿಲ್ಲ ಎಂದು ಜೀವನಚರಿತ್ರೆಗಳು ದಾಖಲಿಸಿವೆ. ಕುಡಿಯದೆ 36 ವರ್ಷ ಕಳೆದ ಮೇಲೂ ಆ ಕಾಯಿಲೆ ಬೇರು ಬಿಟ್ಟಿರಲಿಲ್ಲ.

ನಮಗೇನು ಪಾಠ?

1957ರಲ್ಲಿ ಎಎ ಭಾರತಕ್ಕೂ ಬಂತು. ಇಂದು ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ಅದರ ಸಭೆಗಳು ನಡೆಯುತ್ತವೆ. ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. 2020ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯು, ಕುಡಿತದಿಂದ ಪೂರ್ತಿ ದೂರ ಉಳಿಯುವ ವಿಷಯದಲ್ಲಿ ಎಎ ಮಾದರಿ ಇತರ ಮಾನಸಿಕ ಚಿಕಿತ್ಸೆಗಳಿಗಿಂತ ಕಡಿಮೆಯೇನಲ್ಲ, ಕೆಲವೆಡೆ ಹೆಚ್ಚೇ ಫಲ ಕೊಡುತ್ತದೆ ಎಂದು ಕಂಡುಕೊಂಡಿತು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಏಕಾಏಕಿ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರ ನಿಗಾ ಬೇಕೇ ಬೇಕು. ಮನೆಯಲ್ಲಿ ಇಂಥವರಿದ್ದರೆ ಬೈದು ಕೂಡಿಹಾಕುವ ಬದಲು ವೈದ್ಯರ ಬಳಿ ಕರೆದೊಯ್ಯಿರಿ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಉಚಿತವಾಗಿ ಕರೆ ಮಾಡಬಹುದು.