ಗೆಲ್ಲಲಾಗದ ಯುದ್ಧಕ್ಕೆ ಪ್ಲ್ಯಾನ್ ಬರೆದವನು

ಇವನ ಹೆಸರೇ ಒಂದು ಸಂಖ್ಯೆ. ಜಪಾನಿ ಭಾಷೆಯ ಹಳೆಯ ಓದಿನಲ್ಲಿ ಇಸೊರೊಕು ಅಂದರೆ 56. 1884ರ ಏಪ್ರಿಲ್ 4ರಂದು ನಾಗಾವೊಕಾ ಎಂಬ ಊರಲ್ಲಿ ಇವನು ಹುಟ್ಟಿದಾಗ ಅಪ್ಪನ ವಯಸ್ಸು 56. ಅದನ್ನೇ ಮಗನಿಗೆ ಹೆಸರಾಗಿ ಇಟ್ಟುಬಿಟ್ಟರು. ನಾಲ್ಕು ವರ್ಷ ಯುಎಸ್‌ಎನ್ ನಂಬರಿನಲ್ಲೇ ಬದುಕುವ ನಮಗೆ ಇದೇನೂ ವಿಚಿತ್ರ ಅನ್ನಿಸಬೇಕಾಗಿಲ್ಲ ಬಿಡಿ.

ಎರಡನೇ ಮಹಾಯುದ್ಧ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಹಿಟ್ಲರ್ ನೆನಪಾಗುತ್ತಾನೆ, ಹಿರೋಶಿಮಾ ನೆನಪಾಗುತ್ತೆ. ಇಸೊರೊಕು ಯಮಾಮೊಟೊ ನೆನಪಾದರೆ ಅದು ಪರ್ಲ್ ಹಾರ್ಬರ್ ಸಿನಿಮಾಗಳಿಂದ. 1970ರ 'ಟೋರಾ! ಟೋರಾ! ಟೋರಾ!' ಸಿನಿಮಾದ ಕೊನೆಯಲ್ಲಿ ಮಲಗಿದ ದೈತ್ಯನ ಬಗ್ಗೆ ಇವನೊಂದು ಡೈಲಾಗ್ ಹೊಡೀತಾನಲ್ಲ, ಸ್ಟೇಟಸ್‌ಗಳಲ್ಲಿ ಈಗಲೂ ಓಡಾಡುತ್ತೆ. ಆ ಮಾತನ್ನು ಯಮಾಮೊಟೊ ನಿಜವಾಗಿ ಆಡಿದ್ದಕ್ಕೆ ಯಾವ ದಾಖಲೆಯೂ ಇಲ್ಲ. ಆದರೆ ಆ ಡೈಲಾಗಿಗಿಂತ ಅವನ ಬದುಕೇ ಹೆಚ್ಚು ಕಾಡುವಂಥದ್ದು ಅನ್ನೋದು ನಮ್ಮ ಅಭಿಪ್ರಾಯ.

ಅಪ್ಪ ಸಮುರಾಯ್. ಆದರೆ 1868ರ ಅಂತರ್ಯುದ್ಧದಲ್ಲಿ ನಾಗಾವೊಕಾ ಸೋತ ಪಕ್ಷದಲ್ಲಿತ್ತು. ಊರು ಸುಟ್ಟುಹೋಗಿತ್ತು, ಮನೆತನಗಳಿಗೆ ಹೆಸರು ಉಳಿದು ದುಡ್ಡು ಹೋಗಿತ್ತು. ಹುಡುಗ ನೌಕಾಪಡೆಯ ಅಕಾಡೆಮಿ ಸೇರಿ 1904ರಲ್ಲಿ ಹೊರಬಂದ. ಮರುವರ್ಷವೇ ರಷ್ಯಾದ ವಿರುದ್ಧ ತ್ಸುಶಿಮಾ ಸಮರ. 'ನಿಶ್ಶಿನ್' ಹಡಗಿನಲ್ಲಿದ್ದ ಈತನ ಎಡಗೈಯ ಎರಡು ಬೆರಳುಗಳು ಸ್ಫೋಟದಲ್ಲಿ ಹಾರಿಹೋದವು. ಆಮೇಲೆ ಗೆಳೆಯರ ವಲಯದಲ್ಲಿ ಇವನಿಗೆ 'ಎಂಬತ್ತು ಸೆನ್' ಅಂತ ಅಡ್ಡಹೆಸರು ಬಿತ್ತಂತೆ. ಬೆರಳಿಗೆ ಹತ್ತು ಸೆನ್‌ನಂತೆ ಉಗುರು ತಿದ್ದುವ ರೇಟಿದ್ದ ಕಾಲ, ಇವನಿಗೆ ಇದ್ದದ್ದು ಎಂಟೇ ಬೆರಳು. 1916ರಲ್ಲಿ, ಗಂಡುಮಕ್ಕಳಿಲ್ಲದ ಯಮಾಮೊಟೊ ಮನೆತನ ಇವನನ್ನು ದತ್ತು ತೆಗೆದುಕೊಂಡಿತು. ಅಲ್ಲಿವರೆಗೆ ಇವನು ತಕಾನೊ ಇಸೊರೊಕು.

1919ರಲ್ಲಿ ನೌಕಾಪಡೆ ಇವನನ್ನು ಅಮೆರಿಕಕ್ಕೆ, ಹಾರ್ವರ್ಡ್‌ಗೆ ಕಳಿಸಿತು. ಕ್ಲಾಸಿಗಿಂತ ಇವನಿಗೆ ಹೆಚ್ಚು ಆಸಕ್ತಿ ಇದ್ದದ್ದು ಎರಡು ವಿಷಯದಲ್ಲಿ. ಒಂದು ಪೋಕರ್, ಇನ್ನೊಂದು ಪೆಟ್ರೋಲ್. ಕೈಯಲ್ಲಿ ಕಾಸಿಲ್ಲದಿದ್ದರೂ ಮೆಕ್ಸಿಕೊವರೆಗೆ ಹೋಗಿ ಎಣ್ಣೆ ಬಾವಿಗಳನ್ನು ನೋಡಿಕೊಂಡು ಬಂದ. ಮುಂದೆ 1926ರಿಂದ 28ರವರೆಗೆ ವಾಷಿಂಗ್ಟನ್‌ನಲ್ಲಿ ರಾಯಭಾರ ಕಚೇರಿಯ ನೌಕಾ ಅಧಿಕಾರಿಯೂ ಆಗಿದ್ದ. ಜಪಾನಿನ ಸೇನಾ ನಾಯಕರಲ್ಲಿ ಬಹಳ ಮಂದಿಗೆ ಅಮೆರಿಕ ಅಂದರೆ ಜಾಜ್ ಸಂಗೀತ, ಐಷಾರಾಮ, ಯುದ್ಧದ ಖಯಾಲಿ ಇಲ್ಲದ ಜನ. ಯಮಾಮೊಟೊ ನೋಡಿದ್ದು ಆ ದೇಶದ ಕಾರ್ಖಾನೆಗಳನ್ನು, ಎಣ್ಣೆಯನ್ನು. ಜಪಾನಿಗೆ ಬೇಕಾದ ಎಣ್ಣೆಯಲ್ಲಿ ಸುಮಾರು 80% ಬರುತ್ತಿದ್ದದ್ದು ಅಮೆರಿಕದಿಂದಲೇ. ಈ ಒಂದು ಲೆಕ್ಕ ಗೊತ್ತಿದ್ದವನಿಗೆ ಅಮೆರಿಕದ ಜೊತೆ ಯುದ್ಧ ಅನ್ನೋದು ಪೆಟ್ರೋಲ್ ಬಂಕ್ ಮಾಲೀಕನ ಜೊತೆ ಜಗಳ ಆಡಿಕೊಂಡು ಲಾಂಗ್ ಟ್ರಿಪ್ ಹೊರಟ ಹಾಗೆ.

ಇನ್ನೊಂದು ವಿಷಯ ಅವನಿಗೆ ಉಳಿದವರಿಗಿಂತ ಮುಂಚೆ ಹೊಳೆದಿತ್ತು: ವಿಮಾನ. 1924ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಕಸುಮಿಗೌರಾ ವೈಮಾನಿಕ ತರಬೇತಿ ಕೇಂದ್ರಕ್ಕೆ ಹೋಗಿ ತಾನೂ ಹಾರಾಟ ಕಲಿತ. ನಂತರ 'ಅಕಾಗಿ' ಎಂಬ ವಿಮಾನವಾಹಕ ನೌಕೆಯ ಕ್ಯಾಪ್ಟನ್, ಅದಾದ ಮೇಲೆ ನೌಕಾ ವಿಮಾನ ಇಲಾಖೆಯ ತಾಂತ್ರಿಕ ವಿಭಾಗದ ಮುಖ್ಯಸ್ಥ. ಪೂರ್ತಿ ಲೋಹದ, ನೆಲದಿಂದ ಹಾರಿ ಸಮುದ್ರದ ಮೇಲೆ ಬಹುದೂರ ಹೋಗಬಲ್ಲ ಬಾಂಬರ್‌ಗಳು ಬೇಕು ಅಂತ ಹಟ ಹಿಡಿದದ್ದು ಅಲ್ಲೇ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ. ನೌಕಾಪಡೆಯ ಹಿರಿಯರಿಗೆ ಬೇಕಿದ್ದದ್ದು ದೊಡ್ಡ ತೋಪಿನ ದೊಡ್ಡ ಬ್ಯಾಟಲ್‌ಶಿಪ್. 46 ಸೆಂಟಿಮೀಟರ್ ತೋಪುಗಳ 'ಯಮಾಟೊ' ಕಟ್ಟುವುದನ್ನು ಯಮಾಮೊಟೊ ವಿರೋಧಿಸಿದ, ಸೋತ. ಆ ಹಡಗನ್ನು 1945ರ ಏಪ್ರಿಲ್ 7ರಂದು ಅಮೆರಿಕದ ವಿಮಾನಗಳೇ ಮುಳುಗಿಸಿದವು. ಅಷ್ಟೊತ್ತಿಗೆ ತಾನು ಹೇಳಿದ್ದೇ ಸರಿ ಅಂತ ಹೇಳಿಕೊಳ್ಳಲು ಆತ ಬದುಕಿರಲಿಲ್ಲ.

ಈಗ ಸ್ವಲ್ಪ ರಾಜಕೀಯಕ್ಕೆ ಬರೋಣ, ಯಾಕೆಂದರೆ ಅದಿಲ್ಲದೆ ಈ ಕಥೆ ಅರ್ಥ ಆಗಲ್ಲ. ಅಂದಿನ ಜಪಾನಿನಲ್ಲಿ ಸೇನೆ, ನೌಕಾಪಡೆ ಎರಡೂ ನೇರವಾಗಿ ಚಕ್ರವರ್ತಿಗೆ ಉತ್ತರ ಕೊಡಬೇಕಿತ್ತು, ಪ್ರಧಾನಿಗಲ್ಲ. 1936ರಿಂದ ಮತ್ತೆ ಜಾರಿಗೆ ಬಂದ ನಿಯಮದ ಪ್ರಕಾರ ಸೇನಾ ಮಂತ್ರಿ, ನೌಕಾ ಮಂತ್ರಿ ಇಬ್ಬರೂ ಸೇವೆಯಲ್ಲಿರುವ ಅಧಿಕಾರಿಗಳೇ ಆಗಿರಬೇಕು. ಅಂದರೆ ಸೇನೆಗೆ ಸರ್ಕಾರ ಇಷ್ಟವಾಗದಿದ್ದರೆ ತನ್ನ ಮಂತ್ರಿಯಿಂದ ರಾಜೀನಾಮೆ ಕೊಡಿಸಿ, ಬದಲಿಗೆ ಇನ್ನೊಬ್ಬರನ್ನು ಕೊಡದೆ ಕೂತರೆ ಸಾಕು, ಸರ್ಕಾರ ಬೀಳುತ್ತಿತ್ತು. ಜೊತೆಗೆ ಕೊಲೆಗಳು. 1936ರ ಫೆಬ್ರವರಿ 26ರಂದು ಯುವ ಸೇನಾಧಿಕಾರಿಗಳು ಟೋಕಿಯೊದಲ್ಲಿ ದಂಗೆ ಎದ್ದು ಮಾಜಿ ಪ್ರಧಾನಿಯನ್ನೂ ಹಣಕಾಸು ಮಂತ್ರಿಯನ್ನೂ ಕೊಂದರು.

ಆ ವರ್ಷದ ಡಿಸೆಂಬರ್‌ನಲ್ಲಿ ಯಮಾಮೊಟೊ ನೌಕಾ ಇಲಾಖೆಯ ಉಪಮಂತ್ರಿಯಾದ. ಚೀನಾದ ಮೇಲಿನ ಯುದ್ಧ ಅವನಿಗೆ ಒಪ್ಪಿಗೆ ಇರಲಿಲ್ಲ. 1937ರಲ್ಲಿ ಜಪಾನೀ ವಿಮಾನಗಳು ಅಮೆರಿಕದ 'ಪನಾಯ್' ಹಡಗನ್ನು ಮುಳುಗಿಸಿದಾಗ ಅಮೆರಿಕದ ರಾಯಭಾರಿಯ ಹತ್ತಿರ ಕ್ಷಮೆ ಕೇಳಿದ. ಜರ್ಮನಿ, ಇಟಲಿ ಜೊತೆ ಮೈತ್ರಿ ಬೇಡವೇ ಬೇಡ ಅಂತ ಮಂತ್ರಿ ಯೊನಾಯ್ ಜೊತೆ ಸೇರಿ ಅಡ್ಡ ನಿಂತ. ಕೊಲೆ ಬೆದರಿಕೆಗಳು ಬಂದವು. ನಮಗೆ ಯಮಾಮೊಟೊ ಅತ್ಯಂತ ಧೈರ್ಯವಂತನಾಗಿ ಕಾಣೋದು ಈ ಎರಡೂವರೆ ವರ್ಷಗಳಲ್ಲೇ, ಆಮೇಲಿನ ಯಾವ ಸಮರದಲ್ಲೂ ಅಲ್ಲ. 1939ರ ಆಗಸ್ಟ್ ಕೊನೆಯಲ್ಲಿ ಯೊನಾಯ್ ಇವನನ್ನು ಇಡೀ ಸಂಯುಕ್ತ ನೌಕಾಪಡೆಯ ಮುಖ್ಯ ದಂಡನಾಯಕನಾಗಿ ಮಾಡಿ ಸಮುದ್ರಕ್ಕೆ ಕಳಿಸಿಬಿಟ್ಟ. ಬಡ್ತಿ ಅನ್ನೋದಕ್ಕಿಂತ, ಟೋಕಿಯೊದಲ್ಲಿದ್ದರೆ ಜೀವ ಉಳಿಯಲ್ಲ ಅನ್ನೋದೇ ಮುಖ್ಯ ಕಾರಣ. ಮರುವರ್ಷ ಪ್ರಧಾನಿಯಾದ ಯೊನಾಯ್‌ನ ಸರ್ಕಾರವನ್ನು ಸೇನೆ ಜುಲೈನಲ್ಲಿ ಬೀಳಿಸಿತು. 1940ರ ಸೆಪ್ಟೆಂಬರ್ 27ಕ್ಕೆ ತ್ರಿಪಕ್ಷ ಒಪ್ಪಂದಕ್ಕೆ ಸಹಿ ಬಿತ್ತು.

ಅಮೆರಿಕದ ವಿರುದ್ಧ ಯುದ್ಧವಾದರೆ ಆರು ತಿಂಗಳೋ ಒಂದು ವರ್ಷವೋ ಜೋರಾಗಿ ಓಡಬಹುದು, ಆಮೇಲಿನದಕ್ಕೆ ತನ್ನಲ್ಲಿ ಭರವಸೆ ಇಲ್ಲ ಅಂತ ಆ ದಿನಗಳಲ್ಲೇ ಪ್ರಧಾನಿ ಕೊನೊಯೆಗೆ ಆತ ತಿಳಿಸಿದ್ದ. ಇದನ್ನು ಹೇಳಿ ಸುಮ್ಮನಾಗಲಿಲ್ಲ. ಆ ಆರು ತಿಂಗಳನ್ನು ಹೇಗೆ ಬಳಸಬೇಕು ಅಂತ ಲೆಕ್ಕ ಹಾಕತೊಡಗಿದ. ಜಪಾನಿನ ಹಳೆಯ ಪ್ಲ್ಯಾನ್ ಏನಂದರೆ, ಅಮೆರಿಕದ ನೌಕಾಪಡೆ ಪೆಸಿಫಿಕ್ ದಾಟಿ ಬರಲಿ, ನಮ್ಮ ಹತ್ತಿರದ ನೀರಿನಲ್ಲಿ ಹೊಡೆಯೋಣ ಅಂತ. ಯಮಾಮೊಟೊ ಅದನ್ನು ತಿರುಗಿಸಿ ಹಾಕಿದ: ಮೊದಲ ದಿನವೇ ಅವರ ಮನೆಗೆ ಹೋಗಿ ಹೊಡೆಯಬೇಕು.

ಇಲ್ಲಿಂದ ಮುಂದಿನದನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳಾಗಿ ಓದಿದರೆ ಮೈ ಜುಂ ಅನ್ನುತ್ತೆ. ಪರ್ಲ್ ಹಾರ್ಬರ್ ಬಂದರಿನ ಆಳ ಸುಮಾರು 12 ಮೀಟರ್. ವಿಮಾನದಿಂದ ಬಿಟ್ಟ ಟಾರ್ಪಿಡೊ ಮೊದಲು ಅದಕ್ಕಿಂತ ಎಷ್ಟೋ ಆಳಕ್ಕೆ ಇಳಿದು ಆಮೇಲೆ ಮೇಲೇಳುತ್ತಿತ್ತು. ಇಲ್ಲಿ ಹಾಗೆ ಮಾಡಿದರೆ ಕೆಸರಿನಲ್ಲಿ ಹೂತುಹೋಗುತ್ತೆ. ಪರಿಹಾರ ಬಹಳ ಸರಳ: ಟಾರ್ಪಿಡೊದ ಬಾಲಕ್ಕೆ ಮರದ ರೆಕ್ಕೆಗಳು. ನೀರಿಗೆ ಬಿದ್ದ ಕೂಡಲೇ ಮರ ಕಳಚಿ ಹೋಗುತ್ತೆ, ಟಾರ್ಪಿಡೊ ಆಳಕ್ಕೆ ಮುಳುಗಲ್ಲ. ಹಡಗಿನ ದಪ್ಪ ಉಕ್ಕು ಸೀಳಲು ಬ್ಯಾಟಲ್‌ಶಿಪ್ಪಿನ ತೋಪಿನ ಗುಂಡುಗಳನ್ನೇ ತಿದ್ದಿ 800 ಕಿಲೋ ಬಾಂಬ್ ಮಾಡಿದರು. ಪೈಲಟ್‌ಗಳು ಕಾಗೊಶಿಮಾ ಕೊಲ್ಲಿಯಲ್ಲಿ ಊರಿನ ಮೇಲೆಯೇ ತಗ್ಗಿನಲ್ಲಿ ಹಾರಿ ಹಾರಿ ಅಭ್ಯಾಸ ಮಾಡಿದರು.

1941ರ ಜುಲೈನಲ್ಲಿ ಜಪಾನ್ ಇಂಡೋಚೀನಾದ ದಕ್ಷಿಣ ಭಾಗಕ್ಕೂ ನುಗ್ಗಿತು. ಅಮೆರಿಕ ಎಣ್ಣೆ ನಿಲ್ಲಿಸಿತು. ಟೋಕಿಯೊದವರ ತಲೆಯಲ್ಲಿ ಗಡಿಯಾರ ಓಡತೊಡಗಿತು, ದಾಸ್ತಾನು ಮುಗಿಯೋ ಮುಂಚೆ ಏನಾದರೂ ಮಾಡಬೇಕು ಅಂತ. ಆದರೂ ಯಮಾಮೊಟೊನ ಪ್ಲ್ಯಾನನ್ನು ನೌಕಾ ಪ್ರಧಾನ ಕಚೇರಿ ಒಪ್ಪಲಿಲ್ಲ, ಇದು ಶುದ್ಧ ಜೂಜು ಅಂದಿತು. ಆಗ ಯಮಾಮೊಟೊ ತನ್ನ ದೂತನ ಮೂಲಕ ಹೇಳಿ ಕಳಿಸಿದ: ಪ್ಲ್ಯಾನ್ ಒಪ್ಪದಿದ್ದರೆ ರಾಜೀನಾಮೆ. ಕಚೇರಿ ಒಪ್ಪಿಕೊಂಡಿತು.

ನಮಗೆ ಇಡೀ ಬದುಕಿನಲ್ಲಿ ಗಂಟಲಲ್ಲಿ ಸಿಕ್ಕಿಕೊಳ್ಳೋದು ಈ ಜಾಗ. ರಾಜೀನಾಮೆ ಅನ್ನೋ ಆಯುಧ ಆತನ ಕೈಯಲ್ಲಿತ್ತು, ಅದು ಕೆಲಸ ಮಾಡುತ್ತೆ ಅಂತಲೂ ಗೊತ್ತಾಯಿತು. ಆದರೆ ಅದನ್ನು ಆತ ಬಳಸಿದ್ದು ಯುದ್ಧ ತಡೆಯೋದಕ್ಕಲ್ಲ, ತನ್ನ ಪ್ಲ್ಯಾನ್ ಪಾಸ್ ಮಾಡಿಸೋದಕ್ಕೆ. ಯುದ್ಧ ಮಾಡೋದೋ ಬೇಡವೋ ಅನ್ನೋದು ಸರ್ಕಾರದ ಕೆಲಸ, ಮಾಡೋದು ಹೇಗೆ ಅನ್ನೋದು ತನ್ನ ಕೆಲಸ ಅಂತ ಆತ ಗೆರೆ ಎಳೆದುಕೊಂಡಿದ್ದ. ಆತ ಬಿಟ್ಟಿದ್ದರೆ ಇನ್ನೊಬ್ಬ ಬರುತ್ತಿದ್ದ, ನಿಜ. ಆದರೆ ಆ ಇನ್ನೊಬ್ಬನಿಗೆ ಪರ್ಲ್ ಹಾರ್ಬರ್ ಹೊಳೆಯುತ್ತಿತ್ತಾ?

ಡಿಸೆಂಬರ್ 7, ಭಾನುವಾರ, ಹವಾಯಿಯಲ್ಲಿ ಬೆಳಗ್ಗೆ ಎಂಟಕ್ಕೆ ಸ್ವಲ್ಪ ಮುಂಚೆ. ಆರು ವಿಮಾನವಾಹಕ ನೌಕೆಗಳಿಂದ ಸುಮಾರು 350 ವಿಮಾನ. ಎಂಟು ಬ್ಯಾಟಲ್‌ಶಿಪ್‌ಗಳಿಗೆ ಪೆಟ್ಟು ಬಿತ್ತು, ಅವುಗಳಲ್ಲಿ ನಾಲ್ಕು ಮುಳುಗಿದವು, 2403 ಅಮೆರಿಕನ್ನರು ಸತ್ತರು. ಯಮಾಮೊಟೊ ಅಲ್ಲಿರಲಿಲ್ಲ, ಜಪಾನಿನ ನೀರಿನಲ್ಲೇ 'ನಾಗಾಟೊ' ಹಡಗಿನಲ್ಲಿ ಸುದ್ದಿಗೆ ಕಾಯುತ್ತಿದ್ದ. ದಾಳಿಗೆ ಮುಂಚೆ ವಾಷಿಂಗ್ಟನ್ನಿಗೆ ಪತ್ರ ಮುಟ್ಟಬೇಕು ಅನ್ನೋದು ಆತನ ಷರತ್ತಾಗಿತ್ತು. ಆದರೆ ರಾಯಭಾರ ಕಚೇರಿಯಲ್ಲಿ ಡೀಕೋಡ್ ಮಾಡಿ ಟೈಪ್ ಮಾಡೋದು ತಡವಾಗಿ ಪತ್ರ ತಲುಪಿದ್ದು ಬಾಂಬ್ ಬಿದ್ದು ಒಂದು ಗಂಟೆಯ ಮೇಲೆ. ಬಂದರಿನಲ್ಲಿ ಅಮೆರಿಕದ ಒಂದೂ ವಿಮಾನವಾಹಕ ನೌಕೆ ಇರಲಿಲ್ಲ. ಎಣ್ಣೆ ಟ್ಯಾಂಕುಗಳನ್ನು ಯಾರೂ ಮುಟ್ಟಲಿಲ್ಲ. ಎಣ್ಣೆಗಾಗಿ ಶುರುವಾದ ಯುದ್ಧದಲ್ಲಿ ಇದೊಂದು ವಿಚಿತ್ರ.

ಅಲ್ಲಿಂದ ಆರು ತಿಂಗಳು ಆತ ಹೇಳಿದ ಹಾಗೇ ನಡೆಯಿತು. ಡಿಸೆಂಬರ್ 10ರಂದು ಮಲಯಾ ತೀರದ ಆಚೆ, ಆತ ಹಟ ಹಿಡಿದು ಕಟ್ಟಿಸಿದ ಬಾಂಬರ್ ಪಡೆ ಬ್ರಿಟನ್ನಿನ ಎರಡು ದೊಡ್ಡ ಯುದ್ಧನೌಕೆಗಳನ್ನು ಮುಳುಗಿಸಿತು. 1942ರ ಏಪ್ರಿಲ್‌ನಲ್ಲಿ ಇದೇ ನೌಕಾಪಡೆ ಹಿಂದೂ ಮಹಾಸಾಗರಕ್ಕೆ ಬಂದು ಕೊಲಂಬೊ ಮೇಲೆ ಬಾಂಬ್ ಹಾಕಿತು. ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೂ ಬಾಂಬ್ ಬಿತ್ತು. ಏಪ್ರಿಲ್ 18ರಂದು ಅಮೆರಿಕದ 16 ಬಾಂಬರ್‌ಗಳು ನೌಕೆಯಿಂದ ಹಾರಿ ಟೋಕಿಯೊ ಮುಂತಾದ ಊರುಗಳ ಮೇಲೆ ಬಾಂಬ್ ಹಾಕಿ ಹೋದವು. ಹಾನಿ ಕಡಿಮೆ, ಮುಖಭಂಗ ದೊಡ್ಡದು. ಅಮೆರಿಕದ ವಿಮಾನವಾಹಕ ನೌಕೆಗಳನ್ನು ಹೊರಗೆಳೆದು ಮುಗಿಸಲೇಬೇಕು ಅಂತ ಯಮಾಮೊಟೊ ಮಿಡ್‌ವೇ ದ್ವೀಪದ ಪ್ಲ್ಯಾನ್ ಹಿಡಿದಿದ್ದ. ಅದಕ್ಕೂ ರಾಜೀನಾಮೆಯದೇ ಬೆದರಿಕೆ ಹಾಕಿದ್ದ. ಟೋಕಿಯೊ ದಾಳಿ ಆದ ಮೇಲೆ ಉಳಿದಿದ್ದ ವಿರೋಧವೂ ತಣ್ಣಗಾಯಿತು.

ಹೊರಡೋ ಮುಂಚೆ 'ಯಮಾಟೊ' ಹಡಗಿನಲ್ಲಿ ಮೇಜಿನ ಮೇಲೆ ಸಮರದ ಆಟ ಆಡಿ ನೋಡಿದರು. ದಾಳ ಉರುಳಿಸಿದಾಗ ಜಪಾನಿನ ಎರಡು ವಿಮಾನವಾಹಕ ನೌಕೆಗಳು ಮುಳುಗಿದವು. ಯಮಾಮೊಟೊನ ಮುಖ್ಯ ಸಹಾಯಕ ಉಗಾಕಿ ಅಷ್ಟು ಬಾಂಬ್ ತಾಗಲ್ಲ ಅಂತ ಅಂಕಿ ಕಡಿಮೆ ಮಾಡಿಸಿ ಒಂದು ಹಡಗನ್ನು ಬದುಕಿಸಿದ. ಮುಂದಿನ ಸುತ್ತಿನಲ್ಲಿ ಇನ್ನೊಂದೂ ಎದ್ದು ಬಂತು! ಗ್ರಾಫ್ ನೇರ ಬರಲಿ ಅಂತ ಲ್ಯಾಬ್‌ನಲ್ಲಿ ರೀಡಿಂಗ್ ತಿದ್ದೋ ಕಲೆ ನಮಗೇನೂ ಹೊಸದಲ್ಲ. ಇಲ್ಲಿ ಅದರ ಮೇಲೆ ನಿಂತಿದ್ದು ಸಾವಿರಾರು ಜನರ ಜೀವ.

ಅತ್ತ ಪರ್ಲ್ ಹಾರ್ಬರ್‌ನ ನೆಲಮಾಳಿಗೆಯಲ್ಲಿ ಜೋಸೆಫ್ ರೋಶ್‌ಫೋರ್ಟ್‌ನ ತಂಡ ಜಪಾನಿನ ಸಂಕೇತ ಭಾಷೆಯನ್ನು ಅರ್ಧಂಬರ್ಧ ಒಡೆದಿತ್ತು. ಗುರಿ 'ಎಎಫ್' ಅಂತ ಗೊತ್ತು, ಎಎಫ್ ಅಂದರೆ ಎಲ್ಲಿ? ಸಮುದ್ರದಡಿಯ ಕೇಬಲ್ ಮೂಲಕ ಮಿಡ್‌ವೇಗೆ ಗುಟ್ಟಾಗಿ ಹೇಳಿ, ನಮ್ಮಲ್ಲಿ ನೀರು ಶುದ್ಧ ಮಾಡೋ ಯಂತ್ರ ಕೆಟ್ಟಿದೆ ಅಂತ ರೇಡಿಯೊದಲ್ಲಿ ಬಹಿರಂಗವಾಗಿ ಕೂಗಿಸಿದರು. ಸ್ವಲ್ಪದರಲ್ಲೇ ಜಪಾನಿನ ಸಂದೇಶ ಸಿಕ್ಕಿತು: ಎಎಫ್‌ನಲ್ಲಿ ನೀರಿಗೆ ತೊಂದರೆ. ಜೂನ್ 4ರಂದು ಅಮೆರಿಕದ ಮೂರು ವಿಮಾನವಾಹಕ ನೌಕೆಗಳು ಕಾದು ಕೂತಿದ್ದವು. ಜಪಾನಿನ ನಾಲ್ಕೂ ನೌಕೆಗಳು ಹೋದವು, ಯಮಾಮೊಟೊ ಕ್ಯಾಪ್ಟನ್ ಆಗಿದ್ದ 'ಅಕಾಗಿ' ಕೂಡ. ಸುಮಾರು 3000 ಜಪಾನೀಯರು ಸತ್ತರು. ಆತ ನೂರಾರು ಮೈಲಿ ಹಿಂದೆ, ತಾನೇ ಬೇಡ ಅಂದಿದ್ದ ಯಮಾಟೊ ಹಡಗಿನಲ್ಲಿದ್ದ. ಪಡೆಯನ್ನು ದೂರದ ಅಲ್ಯೂಶಿಯನ್ ದ್ವೀಪಗಳವರೆಗೆ ಹರಡಿ ಹಂಚಿದ್ದು ಆತನದೇ ಪ್ಲ್ಯಾನ್, ಈ ತಪ್ಪನ್ನು ಉಗಾಕಿಯ ಮೇಲಾಗಲಿ ಬೇರೆಯವರ ಮೇಲಾಗಲಿ ಹಾಕೋಕಾಗಲ್ಲ. ಸೋಲನ್ನು ಜಪಾನಿನ ಜನರಿಂದ ಮುಚ್ಚಿಟ್ಟರು.

ಆಮೇಲೆ ಗ್ವಾಡಲ್‌ಕನಾಲ್ ದ್ವೀಪ. ಆರು ತಿಂಗಳು ಹಡಗು, ವಿಮಾನ, ಪಳಗಿದ ಪೈಲಟ್‌ಗಳನ್ನು ಅಲ್ಲಿ ಕಳಕೊಂಡು 1943ರ ಫೆಬ್ರವರಿಯಲ್ಲಿ ಉಳಿದ ಸೈನಿಕರನ್ನು ರಾತ್ರೋರಾತ್ರಿ ಹೊರಸಾಗಿಸಿದರು.

ಏಪ್ರಿಲ್‌ನಲ್ಲಿ ಸೈನಿಕರಿಗೆ ಹುರುಪು ತುಂಬಲು ಬೂಗನ್‌ವಿಲ್ ಕಡೆಯ ನೆಲೆಗಳಿಗೆ ಹೋಗೋದು ಅಂತ ನಿರ್ಧರಿಸಿದ. ಹೊರಡುವ ಹೊತ್ತು, ತಲುಪುವ ಹೊತ್ತು, ಜೊತೆಗೆ ಎಷ್ಟು ವಿಮಾನ, ಎಲ್ಲವೂ ರೇಡಿಯೊದಲ್ಲಿ ಹೋಯಿತು. ಅಮೆರಿಕನ್ನರು ಓದಿಕೊಂಡರು. ಹೋಗಬೇಡಿ ಅಂದವರಿದ್ದರು, ಆತ ಕೇಳಲಿಲ್ಲ. ಹೊತ್ತಿಗೆ ಸರಿಯಾಗಿ ನಡಕೊಳ್ಳೋದು ಆತನ ಅಭ್ಯಾಸ, ಎದುರಾಳಿಯ ಲೆಕ್ಕಕ್ಕೆ ಅದೇ ಆಧಾರವಾಯಿತು. ಏಪ್ರಿಲ್ 18ರ ಬೆಳಗ್ಗೆ, ಟೋಕಿಯೊ ದಾಳಿಯಾಗಿ ಸರಿಯಾಗಿ ಒಂದು ವರ್ಷಕ್ಕೆ, ಅಮೆರಿಕದ 16 ಪಿ-38 ವಿಮಾನಗಳು 400 ಮೈಲಿಗೂ ಹೆಚ್ಚು ದೂರ ನೀರಿಗೆ ಅಂಟಿಕೊಂಡ ಹಾಗೆ, ರೇಡಿಯೊ ಬಂದ್ ಮಾಡಿಕೊಂಡು ಬಂದು ಎದುರಾದವು. ಆತ ಕೂತಿದ್ದ ಬಾಂಬರ್ ಆ ಹಳೇ ಹಟದ ವಂಶದ್ದೇ: ಬಹುದೂರ ಹಾರಲಿ ಅಂತ ತೂಕ ಉಳಿಸಿ, ಇಂಧನ ಟ್ಯಾಂಕಿಗೆ ರಕ್ಷಣೆಯನ್ನೇ ಕೊಡದ ವಿಮಾನ. ಗುಂಡು ತಾಗಿದರೆ ಲೈಟರ್ ಹಾಗೆ ಹೊತ್ತಿಕೊಳ್ಳುತ್ತಿತ್ತು. ಅದು ಹೊಗೆಯುಗುಳುತ್ತಾ ಕಾಡಿಗೆ ಬಿತ್ತು. ಮರುದಿನ ಹುಡುಕಿ ಬಂದವರಿಗೆ ದೇಹ ಸಿಕ್ಕಿತು.

ಸುದ್ದಿಯನ್ನು ಒಂದು ತಿಂಗಳ ಮೇಲೆ, ಮೇ 21ರಂದು ಜನರಿಗೆ ತಿಳಿಸಿದರು. ಜೂನ್ 5ರಂದು ಟೋಕಿಯೊದಲ್ಲಿ ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಯಿತು. ಬೂದಿಯ ಒಂದು ಪಾಲನ್ನು ನಾಗಾವೊಕಾಗೆ ತಂದರು. 1945ರ ಆಗಸ್ಟ್ 1ರ ರಾತ್ರಿ ಅಮೆರಿಕದ ಬಿ-29 ವಿಮಾನಗಳು ಬಂದು ಆ ಊರನ್ನೂ ಸುಟ್ಟವು, 1400ಕ್ಕೂ ಹೆಚ್ಚು ಜನ ಸತ್ತರು. ಈಗ ಅಲ್ಲಿ ಆತನ ಹೆಸರಿನದೊಂದು ಸಣ್ಣ ಸಂಗ್ರಹಾಲಯವಿದೆ. ಬೂಗನ್‌ವಿಲ್ ಕಾಡಿನಿಂದ ತಂದ ಆ ಬಾಂಬರಿನ ಎಡ ರೆಕ್ಕೆಯನ್ನು ಅಲ್ಲಿ ಇಟ್ಟಿದ್ದಾರೆ.